ಶಿರಸಿಯಲ್ಲಿ ಕೌನ್ಸೆಲಿಂಗ್ ಕೋಣೆ: ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ
ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ, ಫೀಸು ಜಾಸ್ತಿಯಾಯಿತೇ, ಬೆಂಗಳೂರಿಗೆ ಹೋಗಿಬಿಡಲೇ ಅಂತ ಕೇಳಿದ್ದೀರಿ. ಕಾರಣ ನಿಮ್ಮ ಫೀಸು ಅಲ್ಲ, ಮೆಟ್ಟಿಲು ಇರಬೇಕು. ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಅಂದಿರಲ್ಲ, ಹತ್ತುವಾಗ ಪರಿಚಯದವರು ಯಾರಾದರೂ ನೋಡೇ ನೋಡುತ್ತಾರೆ. ಕುಮಟಾದಲ್ಲಿ ಕೌನ್ಸೆಲಿಂಗ್ ಶುರು ಮಾಡಿದಾಗ ನನಗೂ ಹೀಗೇ ಆಗಿತ್ತು. ಒಬ್ಬ ತಾಯಿ ಮೀನಿನ ಚೀಲ ಹಿಡಿದು ಎರಡು ಸಲ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದರು.

ಮೊದಲು ಒಳಗಲ್ಲಿಯಲ್ಲಿ ಕೋಣೆ ಹುಡುಕಿ. ಎರಡು ಭೇಟಿಗಳ ನಡುವೆ ಅರ್ಧ ಗಂಟೆ ಬಿಡಿ, ಒಬ್ಬರಿಗೊಬ್ಬರು ಎದುರಾಗಬಾರದು. ಆಮೇಲೆ ಊರಿನ ಡಾಕ್ಟರುಗಳನ್ನು ಖುದ್ದಾಗಿ ಕಾಣಿ. ನಿದ್ದೆ ಇಲ್ಲ, ಎದೆ ಡವಡವ ಅಂತ ಜನ ಮೊದಲು ಹೋಗುವುದು ಅಲ್ಲಿಗೇ ಅಲ್ವಾ? ಬಾಡಿಗೆಗೆ ಆಧಾರವಾಗಿ ಯಾವುದಾದರೂ ಶಾಲೆಯಲ್ಲಿ ವಾರಕ್ಕೊಂದು ದಿನ ಕೆಲಸ ಕೇಳಿ.

ಮನಃಶಾಸ್ತ್ರದಲ್ಲಿ ಬರೀ ಎಂ.ಎಸ್ಸಿ. ಆಗಿದ್ದರೆ ಬೋರ್ಡಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಹಾಕಬೇಡಿ, ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು.

ಜನ ಮತ್ತೆ ಮತ್ತೆ ಬರುವಂತಾಗಲು ನಿಮಗೆ ಎಷ್ಟು ಸಮಯ ಹಿಡಿಯುತ್ತದೋ ಹೇಳಲಾರೆ, ನನಗೆ ಎರಡು ವರ್ಷ ಆಯಿತು. ಬೆಂಗಳೂರಿನ ಯೋಚನೆ ಆಮೇಲೆ, ಈ ವಾರ ಮೂವರು ಡಾಕ್ಟರನ್ನು ಕಂಡು ಬನ್ನಿ.