ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್ ಮಾಡೋ ರೆಡಿಸ್ ತರದ ಕಂಪನಿಗಳು ಲೈಸೆನ್ಸ್ ಬದಲಾಯಿಸಿದ್ರೆ ಅದನ್ನ ಬಳಸೋ, ಅದಕ್ಕೆ ಕೋಡ್ ಕೊಡೋ ಕಮ್ಯುನಿಟಿಯವರಿಗೆ ಅಷ್ಟು ಸಿಟ್ಟು ಯಾಕೆ?

ಕಂಪನಿ ಕಡೆ ಮಾತಲ್ಲೂ ಹುರುಳಿದೆ, ಅವ್ರು ಸಂಬಳ ಕೊಟ್ಟು ಕೋಡ್ ಬರೆಸ್ತಾರೆ, ಅದನ್ನೇ ದೊಡ್ಡ ಕ್ಲೌಡ್ ಕಂಪನಿಗಳು ಸರ್ವಿಸ್ ಅಂತ ಮಾರಿ ದುಡ್ಡು ಮಾಡ್ತವೆ. ಇಂಥದ್ದೇ ಕಾರಣಕ್ಕೆ ಬೇರೆ ಸಾಫ್ಟ್‌ವೇರ್ ಕಂಪನಿಗಳೂ, 2018ರಲ್ಲಿ ಮೊಂಗೋಡಿಬಿ, 2021ರಲ್ಲಿ ಇಲಾಸ್ಟಿಕ್, 2023ರಲ್ಲಿ ಹಾಶಿಕಾರ್ಪ್ ಲೈಸೆನ್ಸ್ ಬಿಗಿ ಮಾಡಿದ್ದು.

ಆದ್ರೆ ರೆಡಿಸ್ (ಡೇಟಾನ ಮೆಮರಿಯಲ್ಲಿಟ್ಟು ಬೇಗ ಕೊಡೋ ಸಾಫ್ಟ್‌ವೇರ್) 2009ರಿಂದ ಯಾರು ಬೇಕಾದ್ರೂ ಬಳಸಿ, ಬದಲಾಯಿಸಿ, ಮಾರಬಹುದಾದ ಬಿಎಸ್‌ಡಿ ಲೈಸೆನ್ಸ್‌ನಲ್ಲಿತ್ತು, ಯಾರ್ಯಾರೋ ಬೇರೆ ಬೇರೆ ಕಡೆಯಿಂದ ಅದನ್ನ ನಂಬಿ ಕೋಡ್ ಕೊಟ್ರು, 2024ರ ಮಾರ್ಚ್‌ನಲ್ಲಿ ಕಂಪನಿ ಮುಂದಿನ ವರ್ಷನ್ನಿಂದ ಆ ಲೈಸೆನ್ಸ್ ಇಲ್ಲ ಅಂತು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಸೇರಿ ಹಳ್ಳಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ) ಹಾಕ್ತೇವಲ್ಲ, ಅದಕ್ಕೆ ಒಬ್ಬ ಗೇಟ್ ಹಾಕಿದ್ರೆ ಹೇಗಿರ್ತದೆ? ಕಾನೂನು ಪ್ರಕಾರ ತಪ್ಪಲ್ಲ (ಬಿಎಸ್‌ಡಿ ಅದಕ್ಕೆ ಬಿಡ್ತದೆ), ಆದ್ರೂ ನಂಬಿಕೆ ಹೋಯ್ತು.

ಹಳೇ ಕೋಡ್ ಮಾತ್ರ ಬಿಎಸ್‌ಡಿಯಲ್ಲೇ ಉಳೀತು, ಅದನ್ನೇ ತಗೊಂಡು ಕೆಲವೇ ದಿನದಲ್ಲಿ ಲಿನಕ್ಸ್ ಫೌಂಡೇಶನ್ (ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡ್ಕೊಳ್ಳೋ ಲಾಭರಹಿತ ಸಂಸ್ಥೆ) ಅಡಿ ವಾಲ್ಕೀ ಅನ್ನೋ ಬೇರೆ ಕವಲು ಶುರುವಾಯ್ತು. ಶಿರಸಿಯಲ್ಲಿ ನಾವು ಚಾಲಿ, ರಾಶಿ, ಬೆಟ್ಟೆ ಅಡಿಕೆಯ ಟೆಂಡರ್ ರೇಟ್ ತೋರಿಸೋ ಸಣ್ಣ ಆಪ್ ನಡೆಸ್ತೇವೆ, ಒಂದು ಮಧ್ಯಾಹ್ನ ಕೂತು ಅದಕ್ಕೆ ಬದಲಾದ್ವಿ, ಆಪಿನ ಕೋಡಲ್ಲಿ ಒಂದು ಸಾಲೂ ಮುಟ್ಲಿಲ್ಲ. 2025ರ ಮೇನಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ (ಬದಲಾಯಿಸಿ ಸರ್ವಿಸ್ ಆಗಿ ಕೊಟ್ರೂ ಕೋಡ್ ಹಂಚಬೇಕು ಅನ್ನೋ ಓಪನ್ ಸೋರ್ಸ್ ಲೈಸೆನ್ಸ್) ಆಯ್ಕೆ ಕೊಟ್ರು, ಒಳ್ಳೇದೇ, ಆದ್ರೆ ನಾವು ವಾಪಸ್ ಹೋಗ್ಲಿಲ್ಲ.