“ನಾನು ನಕ್ಕಿದ್ದೆ ಅಕ್ಕಾ”

ಕಾಸರಗೋಡು ಕಡೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ 23ರ ಹುಡುಗಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ತಂಗಿ ಎಂದೇ ಕರೆಯುತ್ತೇನೆ.

ನನ್ನ ಹತ್ತಿರ ಬಂದದ್ದು ನಿದ್ದೆ ಇಲ್ಲವೆಂದು. ಬೆಳಿಗ್ಗೆ ಬಸ್ಸು ಹತ್ತುವಾಗ ಹೊಟ್ಟೆ ತೊಳಸುತ್ತದೆ ಅಂದಳು. ರಜೆ ದಿನ? “ಆವತ್ತು ಏನೂ ಇಲ್ಲ.” ಉಳಿದದ್ದು ಹೊರಬರಲು ಮೂರು ಭೇಟಿ ಬೇಕಾಯಿತು.

ಸ್ಟಾಕ್ ಎಣಿಸಲಿಕ್ಕೆಂದು ಮಾಲೀಕ ಅವಳೊಬ್ಬಳನ್ನೇ ಮಹಡಿಗೆ ಕರೆಯುತ್ತಿದ್ದ. ಅಲ್ಲಿ ಎರಡು ರ್‍ಯಾಕುಗಳ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟೇ ಜಾಗ. ಅವನು ಅಲ್ಲೇ ನಿಲ್ಲುತ್ತಿದ್ದ. ದಾಟುವಾಗ ಸೊಂಟಕ್ಕೆ ಕೈ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ “ಮಲಗಿದೆಯಾ?”

“ಮೊದಲ ಸಲ ‘ಏನು ಸಾರ್’ ಅಂತ ನಕ್ಕುಬಿಟ್ಟೆ ಅಕ್ಕಾ. ಈಗ ಬೇಡ ಅಂದ್ರೆ ಯಾರು ನಂಬ್ತಾರೆ?”

ಇದೇ ಅವಳ ನಿದ್ದೆ ಕೆಡಿಸಿದ್ದು. ಸಂಬಳ ಕೊಡುವವನು ಎದುರು ನಿಂತಾಗ ಹೆದರಿದವರೂ ನಗುತ್ತಾರೆ. ಅದು ಒಪ್ಪಿಗೆಯಲ್ಲ, ಅಲ್ಲಿಂದ ಪಾರಾಗುವ ದಾರಿ. ನಾನು ಇದನ್ನೇ ಹೇಳಿದೆ, ಒಂದಲ್ಲ, ಹಲವು ಸಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಕೇಳುವುದೂ ಆ ನಡತೆ ನಿನಗೆ ಬೇಡವಾಗಿತ್ತಾ ಎಂದು.

ಅಮ್ಮ “ಸುಮ್ನೆ ಕೆಲಸ ಬಿಡು” ಅಂದಿದ್ದರು. ಆ ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಆದರೆ ಬಿಡುವುದೋ ಇರುವುದೋ ತಂಗಿಯೇ ತೀರ್ಮಾನಿಸಬೇಕು. ಏನೇ ಮಾಡಿದರೂ ಮೆಸೇಜ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು ಅಂದೆ. ಯಾವ ದಿನ, ಎಷ್ಟು ಹೊತ್ತಿಗೆ, ಕೆಳಗೆ ಯಾರಿದ್ದರು, ಆಮೇಲೆ ಯಾರ ಹತ್ತಿರ ಹೇಳಿದೆ, ಎಲ್ಲ ಬರೆದಿಡಲು ತಿಳಿಸಿದೆ. ಮಹಡಿಗೆ ಕರೆದರೆ ಜೊತೆಯವಳನ್ನೂ ಕರೆದುಕೊಂಡು ಹೋಗು ಅಂದೆ.

ಅಂಗಡಿಯಲ್ಲಿ ಇದ್ದವರು ಏಳೇ ಜನ. 10 ಅಥವಾ ಹೆಚ್ಚು ಜನರಿದ್ದರೆ ಇಂಥ ದೂರು ಕೇಳಲು ಅಲ್ಲೇ ಆಂತರಿಕ ಸಮಿತಿ ಇರಬೇಕು. ಕಡಿಮೆಯಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಆ ನಡುವೆ ಅವಳು ರಜೆಯನ್ನೂ ಕೇಳಬಹುದು. ಹೆಸರು ಗುಟ್ಟಾಗಿರಬೇಕು. ಪೊಲೀಸ್ ದಾರಿ ಬೇರೆಯೇ ಇದೆ. ತುರ್ತಿಗೆ 112, ಮಾತಾಡಲು ಮಹಿಳಾ ಸಹಾಯವಾಣಿ 181.

“ಮಲಯಾಳದಲ್ಲಿ ಬರೆಯಬೇಕಲ್ವಾ? ನಂಗೆ ಓದಲಿಕ್ಕೇ ಕಷ್ಟ.”

ಕನ್ನಡದಲ್ಲೇ ಬರೆ ಅಂದೆ. ಕಾಸರಗೋಡಿನವರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದು. ಬರೆಯಲಾಗದವರಿಗೆ ಸಮಿತಿಯೇ ನೆರವಾಗಬೇಕು. ಇಂಥ ನೋವನ್ನು ಮನೆಮಾತಲ್ಲದ ಭಾಷೆಯಲ್ಲಿ ಹೇಳಲು ಹೊರಟರೆ ಅರ್ಧ ಒಳಗೇ ಉಳಿಯುತ್ತದೆ.

ಎರಡು ವಾರದ ಮೇಲೆ ನೋಟ್‌ಬುಕ್ ಹಿಡಿದು ಬಂದಳು. ನಾಲ್ಕು ಪುಟ, ನೀಲಿ ಪೆನ್ನು. ಮೊದಲ ಪುಟದಲ್ಲಿ “ನಾನು ನಕ್ಕೆ” ಎಂದಿತ್ತು. ನಡುವೆ ಚಿಕ್ಕದೊಂದು ಗುರುತು ಹಾಕಿ, ಮೇಲೆ ಬರೆದಿದ್ದಳು: “ಹೆದರಿ”.