ವಾಚಿನ ಲೆಕ್ಕ, ಗಂಡನ ಹೆದರಿಕೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬದಿಯಡ್ಕ ಕಡೆಯ ಕನ್ನಡ ಶಾಲೆಯ ಟೀಚರ್, ವಯಸ್ಸು 36. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳು ಮಾಡುವ ಕಾಯಿಲೆ. ಎಡಗಾಲು ಸ್ವಲ್ಪ ಎಳೆಯುತ್ತದೆ. ನನ್ನ ಹತ್ತಿರ ಬಂದದ್ದು ಮನೆಯಲ್ಲಿ ಒಂದು ವಾಚಿನಿಂದ ಎದ್ದ ಜಗಳಕ್ಕೆ.

ಗಲ್ಫ್‌ನಲ್ಲಿರುವ ತಮ್ಮ ಕಳಿಸಿದ ಸ್ಮಾರ್ಟ್‌ವಾಚ್ ಅದು. ನಡಿಗೆಯ ಲೆಕ್ಕ ಇಟ್ಟುಕೊಳ್ಳಿ ಎಂದು ಮಂಗಳೂರಿನ ಡಾಕ್ಟರೂ ಹೇಳಿದ್ದರು. ಲೆಕ್ಕ ಗಂಡನ ಫೋನಿಗೂ ಹೋಗುತ್ತಿತ್ತು. ಸಂಜೆ ತೋಟದಿಂದ ಬಂದವರೇ ಕೇಳುವುದು: "ಎಂತ, ಇವತ್ತು 2,000ವೂ ಆಗ್ಲಿಲ್ವಾ?" ವಾಚಿನಲ್ಲಿ 10,000 ಹೆಜ್ಜೆಯ ಗುರಿ ಇತ್ತು. ಅದಕ್ಕಾಗಿ ಮಾರ್ಚ್ ತಿಂಗಳ ಸೆಕೆಯಲ್ಲಿ ಟೀಚರ್ ಅಂಗಳ ಸುತ್ತಿದರು. ಮರುದಿನ ಶಾಲೆಗೆ ರಜೆ ಹಾಕಬೇಕಾಯಿತು.

"ಮಕ್ಕಳಿಗೆ ನಾನು ಮಾರ್ಕ್ ಹಾಕ್ತೇನೆ ಮೇಡಂ. ಮನೆಗೆ ಹೋದ್ರೆ ನಂಗೆ ಅವರು ಹಾಕ್ತಾರೆ" ಎಂದು ಅತ್ತರು.

ಗಂಡನನ್ನೂ ಕರೆಸಿದೆ. ಗದರುವ ಜನ ಅಲ್ಲ ಅವರು. ಹೆಂಡತಿಯ ನಡಿಗೆ ನಿಂತೇ ಹೋದರೆ ಎಂಬ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲಾಗದೆ ಹೆಜ್ಜೆಯ ಲೆಕ್ಕ ಕೇಳುತ್ತಿದ್ದರು.

ಇಬ್ಬರಿಗೂ ಮೊದಲು ವಾಚಿನ ಕೆಲಸ ವಿವರಿಸಿದೆ. ಅದರೊಳಗಿನ ಸೆನ್ಸರ್ ಕೈಯ ಅಲುಗಾಟವನ್ನು ನೋಡಿ ಹೆಜ್ಜೆ ಅಂದಾಜು ಮಾಡುತ್ತದೆ. ಕೋಲು ಊರಿದಾಗ, ಗೋಡೆ ಹಿಡಿದಾಗ, ತುಂಬಾ ನಿಧಾನ ನಡೆದಾಗ ಎಷ್ಟೋ ಹೆಜ್ಜೆ ತಪ್ಪಿಹೋಗುತ್ತವೆ. ಟೀಚರ್ ಮನೆ ಗುಡ್ಡದ ಮೇಲೆ. ಅಲ್ಲಿಗೆ ಹತ್ತಿದ ಸುಸ್ತು ವಾಚಿಗೆ ಗೊತ್ತಾಗುವುದಿಲ್ಲ. 10,000 ಎಂಬ ಗುರಿ 1960ರ ದಶಕದ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಹಬ್ಬಿದ್ದು, ಎಂಎಸ್ ಇರುವವರನ್ನು ನೋಡಿ ಇಟ್ಟದ್ದಲ್ಲ. ಮೈ ಬಿಸಿಯಾದರೆ ಈ ಕಾಯಿಲೆಯ ಲಕ್ಷಣಗಳು ಸ್ವಲ್ಪ ಹೊತ್ತು ಜಾಸ್ತಿಯಾಗುತ್ತವೆ. ಮೈ ದಣಿದಾಗ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ 1890ರಲ್ಲೇ ಬರೆದಿದ್ದರು. ನಮ್ಮ ಕರಾವಳಿಯ ಸೆಕೆಗೆ ಹೆಜ್ಜೆ ಕಡಿಮೆಯಾದರೆ ಕಾಯಿಲೆ ಏರಿತು ಅಂತ ಅಲ್ಲ.

ಹಾಗಂತ ವಾಚ್ ಬಿಚ್ಚಿಡಿ ಅನ್ನಲಿಲ್ಲ. ಡಾಕ್ಟರ ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸುವುದಕ್ಕಿಂತ ತಿಂಗಳುಗಟ್ಟಲೆಯ ಲೆಕ್ಕದಲ್ಲಿ ವಿಷಯ ಜಾಸ್ತಿ ಸಿಗುತ್ತದೆ. ಆದರೆ ಅದು ಟೀಚರ್ ಕೈಯಲ್ಲಿರಲಿ. ಗಂಡನ ಫೋನಿಗೆ ಹೋಗುವುದನ್ನು ನಿಲ್ಲಿಸಿ, ಗುರಿಯನ್ನು ತೆಗೆದುಹಾಕಿ ಎಂದೆ. ಕೋಲು ಹಿಡಿಯದ ಕೈಗೇ ಯಾವಾಗಲೂ ಕಟ್ಟಬೇಕು. ವಾರಕ್ಕೊಮ್ಮೆ ಸರಾಸರಿ ಬರೆದು, ಪಕ್ಕದಲ್ಲಿ ಸುಸ್ತು, ಜ್ವರ, ಸೆಕೆ ಹೇಗಿತ್ತು ಅಂತ ಒಂದು ಸಾಲು. ನಡಿಗೆ ಬೆಳಿಗ್ಗೆ ತಂಪಿನಲ್ಲಿ, ಸುಸ್ತಾಗುವ ಮೊದಲೇ ಕೂರುವುದು. ಎಷ್ಟು ನಡೆಯಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಲಿ. ಹೊಸದಾಗಿ ಕಣ್ಣು ಮಂಜಾಗುವುದು, ಕಾಲಿನ ಬಲ ಕುಂದುವುದು 24 ಗಂಟೆ ದಾಟಿದರೆ, ವಾಚ್ ಏನೇ ತೋರಿಸಲಿ, ಡಾಕ್ಟರಿಗೆ ಫೋನ್ ಮಾಡಲೇಬೇಕು.

ಗಂಡನಿಗೆ ಹೇಳಿದ್ದು ಇಷ್ಟೇ: "ಎಷ್ಟಾಯ್ತು ಅಂತ ಕೇಳ್ಬೇಡಿ. ಹೆದರಿಕೆ ಆದ್ರೆ ಹೆದರಿಕೆ ಆಗ್ತದೆ ಅಂತಲೇ ಹೇಳಿ." ಅವರು ಆ ಮಾತನ್ನು ಅಲ್ಲೇ, ಹೆಂಡತಿಯ ಮುಖ ನೋಡಿ ಹೇಳಿದರು.

ಅತ್ತೆಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. ಕೂತಷ್ಟೂ ಕಾಲು ಹಿಡಿಯುತ್ತದೆ ಅನ್ನುತ್ತಾರಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.